ದೀಪಕ್ಕಿಂತ ಮೊದಲು ಬಣ್ಣ ಹೇಳುವ ಜೆನೋಬಿಯಾ

ಬೈಕು ಉರುಳಿ ಎದ್ದ ಮಣ್ಣು ಕೆಳಗಿಳಿಯುವ ಮೊದಲೇ ಜೆನೋಬಿಯಾ ಬಣ್ಣ ಹೇಳಿಬಿಡುತ್ತಿದ್ದಳು. "ಹಳದಿ." ಇಲ್ಲವೇ "ಕೆಂಪು." ಒಂದೇ ಮಾತು. ಆಮೇಲೆ ಗೋಪುರದಲ್ಲಿ ಕೂತ ರೆಫರಿ ತನ್ನ ಪಾಡಿಗೆ ತಾನು ಯೋಚಿಸಿ ಗುಂಡಿ ಒತ್ತುತ್ತಿದ್ದ. ಯಾರಿಂದಾಗಿ ಓಟ ನಿಂತಿತೋ ಅವನ ಹೆಲ್ಮೆಟ್ಟಿನ ಬಣ್ಣದ ದೀಪ ಹತ್ತಿಕೊಳ್ಳುತ್ತಿತ್ತು. ಅವನು ಹೊರಗೆ, ಉಳಿದ ಮೂವರು ಮತ್ತೆ ಸಾಲಿಗೆ. ನೋಡಿದರೆ ಜೆನೋಬಿಯಾ ಹೇಳಿದ ಬಣ್ಣವೇ ಉರಿಯುತ್ತಿರುತ್ತಿತ್ತು. ಕೆಂಪು, ನೀಲಿ ನಮ್ಮವರು. ಬಿಳಿ, ಹಳದಿ ಹೊರ ಊರಿನಿಂದ ಬಂದವರು. ಆಕೆಯ ಬಾಯಲ್ಲಿ ಕೆಂಪು ನೀಲಿಗಳೂ ಧಾರಾಳವಾಗಿ ಬರುತ್ತಿದ್ದವು ಎನ್ನುವುದೇ ಎರಡನೇ ತಿರುವಿನಲ್ಲಿ ಕೂರುವ ನಮಗೆಲ್ಲ ಹೊಟ್ಟೆಯುರಿ.

ವಾರ್ತಾ ನದಿಯ ದಂಡೆಯ ನಮ್ಮ ಊರಲ್ಲಿ ಭಾನುವಾರ ಪೂಜೆಗೆ ತಡವಾಗಿ ಹೋದರೆ ಪಾದ್ರಿಗಳು ಕ್ಷಮಿಸುತ್ತಾರೆ. ಸ್ಪೀಡ್‌ವೇ ಬೈಕ್ ಓಟಕ್ಕೆ ತಡವಾಗಿ ಬಂದರೆ ಅವರೇ ಹಿಂದೆ ತಿರುಗಿ ಗುರಾಯಿಸುತ್ತಾರೆ. ಅವರ ಸೀಟು ನಮ್ಮ ಮುಂದಿನ ಸಾಲಲ್ಲೇ. ನಾನು ಕ್ಷೌರಿಕ. ವಾರವಿಡೀ ಗಿರಾಕಿಗಳ ಕುತ್ತಿಗೆಯ ಮೇಲೆ ಕತ್ತಿಯಿಟ್ಟು ಇದೊಂದೇ ವಿಷಯ ಮಾತಾಡುವವನು. ನ್ಯಾಯ ಅನ್ಯಾಯ ನನಗೆ ಅಷ್ಟಾಗಿ ಬೇಡ, ನಮ್ಮವರು ಗೆದ್ದರೆ ಸಾಕು. ಹಾಗಿದ್ದೂ ಇಷ್ಟು ವರ್ಷ ಜೆನೋಬಿಯಾಳ ಪಕ್ಕದಲ್ಲೇ ಯಾಕೆ ಕೂತೆ ಎಂದರೆ, ಬರೀ ಕುತೂಹಲ. ಬ್ರೇಕೇ ಇಲ್ಲದ ನಾಲ್ಕು ಬೈಕುಗಳು ಅಡ್ಡಡ್ಡ ಜಾರುತ್ತಾ ಒಂದೇ ತಿರುವಿಗೆ ನುಗ್ಗುವಾಗ ಅಷ್ಟು ಬೇಗ ಇವಳಿಗೆ ಏನು ಕಾಣುತ್ತದೆ?

ಕೇಳಿದ್ದೆ ಕೂಡ. ಆಕೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, "ನಾನು ಬಿದ್ದೋನನ್ನ ನೋಡಲ್ಲ ಪಾನ್ ಲುದ್ವಿಕ್. ಬೀಳೋಕ್ಕೆ ಮುಂಚೆ ಯಾರು ತನ್ನ ದಾರಿ ಬಿಟ್ಟ ಅಂತ ನೋಡ್ತೀನಿ. ನಮ್ಮ ಶಿಶುವಿಹಾರದಲ್ಲೂ ಅಷ್ಟೇ. ಅಳೋ ಮಗು ಬೇರೆ, ಶುರು ಮಾಡಿದ ಮಗು ಬೇರೆ" ಎಂದಳು. ನಮ್ಮಲ್ಲಿ ಗಂಡಸರನ್ನು ಪಾನ್, ಹೆಂಗಸರನ್ನು ಪಾನಿ ಎಂದು ಮರ್ಯಾದೆಯಿಂದ ಕರೆಯುವುದು. ಆಕೆ ಶಿಶುವಿಹಾರದ ಅಡುಗೆಯವಳು. ಸೌಟು ಹಿಡಿದುಕೊಂಡೇ ದಿನಕ್ಕೆ ಹತ್ತಾರು ವ್ಯಾಜ್ಯ ಬಗೆಹರಿಸುವವಳು.

ಆಕೆಗೆ ಹಿಡಿಸದ ನಿಯಮ ಒಂದೇ ಒಂದು. ಮೊದಲ ತಿರುವಿನಲ್ಲಿ ನಾಲ್ವರೂ ಗುಂಪಾಗಿ ಸಿಕ್ಕಿಕೊಂಡು ಯಾರಾದರೂ ಬಿದ್ದರೆ, ಯಾರ ತಪ್ಪೂ ಅಲ್ಲ ಎಂದು ರೆಫರಿ ನಾಲ್ವರನ್ನೂ ಮತ್ತೆ ಓಡಿಸಬಹುದು. "ಯಾರೂ ಶುರು ಮಾಡ್ದೆ ಜಗಳ ಶುರುವಾಗುತ್ತಾ? ಕಣ್ಣಿಗೆ ಕಾಣ್ಲಿಲ್ಲ ಅನ್ನೋಕೆ ನಾಚಿಕೆ, ಅದಕ್ಕೇ ಈ ನಾಟಕ" ಎಂದು ರೇಗುತ್ತಿದ್ದಳು.

"ನೀವು ಎದುರು ಪಾರ್ಟಿಯವರ ಮನೆ ಸೊಸೆಯಾಗ್ಬೇಕಿತ್ತು ಪಾನಿ ಜೆನೋಬಿಯಾ," ಎಂದು ಹಿಂದಿನ ಸಾಲಿನವರು ಚುಚ್ಚುತ್ತಿದ್ದರು.

"ಕರೆದಿದ್ರು. ಅವರ ಊರಿನ ಸೂಪು ಬರೀ ನೀರು, ಅದಕ್ಕೇ ಹೋಗ್ಲಿಲ್ಲ."

ಹೀಗೆ ಹಗುರಾಗಿ ನಡೆದುಕೊಂಡು ಹೋಗುತ್ತಿದ್ದದ್ದು ಕಾಯೆತಾನ್ ನಮ್ಮ ತಂಡಕ್ಕೆ ಬಂದ ಮೇಲೆ ಭಾರವಾಯಿತು. ಕಾಯೆತಾನ್ ಆಕೆಯ ಅಣ್ಣನ ಮಗ. ಮಕ್ಕಳಿಲ್ಲದ ಜೆನೋಬಿಯಾಳಿಗೆ ಮಗನಿದ್ದಂತೆ. ಪ್ರತಿ ಪಂದ್ಯದ ದಿನ ಮಧ್ಯಾಹ್ನ ಅವನು ಅತ್ತೆಯ ಮನೆಯಲ್ಲಿ ಹಬೆಯಲ್ಲಿ ಬೆಂದ ಹಿಟ್ಟಿನ ಉಂಡೆಯನ್ನು ಬಾತುಕೋಳಿಯ ಸಾರಿನಲ್ಲಿ ಅದ್ದಿ ತಿಂದೇ ಹೊರಡಬೇಕು. ಉಳಿದದ್ದು ಎನಾಮೆಲ್ ಪಾತ್ರೆಯಲ್ಲಿ ಮೆಕ್ಯಾನಿಕ್ಕುಗಳಿಗೆ.

ಆ ವರ್ಷದ ಕೊನೆಯ ಪಂದ್ಯ ನದಿಯ ಹರಿವಿನಲ್ಲಿ ನಮಗಿಂತ ಕೆಳಗಿನ ಊರಿನವರ ಮೇಲೆ. ಸೋತರೆ ನಾವು ಕೆಳಗಿನ ದರ್ಜೆಗೆ. ಕೊನೆಯ ಓಟದಲ್ಲಿ ಕಾಯೆತಾನ್‌ಗೆ ನೀಲಿ ಹೆಲ್ಮೆಟ್. ಮೊದಲ ತಿರುವಿನಲ್ಲಿ ಅವನು ಹೊರಗಡೆಯಿಂದ ಬಂದ, ಬಿಳಿ ಹೆಲ್ಮೆಟ್ಟಿನವನು ಒಳಗಡೆಯಿಂದ. ಇಬ್ಬರೂ ಒಂದು ಕ್ಷಣ ಒಟ್ಟಿಗೆ ಜಾರಿದರು. ಕಾಯೆತಾನ್ ಹಾರಿ ಬಿದ್ದು ಬೇಲಿಯ ತನಕ ಉರುಳಿದ. ಇಡೀ ಮೈದಾನ ಉಸಿರು ಹಿಡಿಯಿತು. ಅವನು ಎದ್ದು ಕೂತಾಗ ಎದುರಾಳಿಗಳೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆ ಜೆನೋಬಿಯಾ ಹೇಳಿದಳು: "ನೀಲಿ."

"ನಿಮ್ಮ ಅಣ್ಣನ ಮಗ ಕಣ್ರೀ!" ಎಂದೆ.

"ನೀಲಿ. ಯಾರೂ ಮುಟ್ಲಿಲ್ಲ. ತಾನಾಗೇ ಬಿದ್ದ."

ಹತ್ತಿದ್ದು ಬಿಳಿ ದೀಪ. ನಾವು ಕುಣಿದಾಡಿಬಿಟ್ಟೆವು. ಪಾದ್ರಿಗಳು ಟೋಪಿ ಎಸೆದರು. ಮರು ಓಟದಲ್ಲಿ ಕಾಯೆತಾನ್ ಗೆದ್ದ, ನಾವು ಉಳಿದೆವು. ಜೆನೋಬಿಯಾ ಮಾತ್ರ ಕೂತಲ್ಲೇ ಕೂತಿದ್ದಳು. ಅಂದು ಸಂಜೆ ಅಣ್ಣನ ಮನೆಯಲ್ಲಿ ಊರೇ ಸೇರಿ ಸಂಭ್ರಮಿಸುವಾಗ ಹುಡುಗ ತಾನೇ ಅವಳ ಮುಂದೆ ಬಂದು ನಿಂತು, "ನಾನು ಬಿದ್ದಾಗ ಎರಡನೇ ತಿರುವಲ್ಲಿ ಕೂತು ನೀವೇನಂದ್ರಿ ಅತ್ತೆ?" ಎಂದು ಕೇಳಿದ. ಆಕೆ ಅವನ ಮುಖ ನೋಡಿಕೊಂಡೇ ಹೇಳಿದಳು. ಅವನು ತಿರುಗಿ ಹೊರಗೆ ನಡೆದ. ಅಣ್ಣನ ಹೆಂಡತಿ ಮಾತಾಡಿದಳು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮುಂದಿನ ವಸಂತದಲ್ಲಿ ಪಂದ್ಯಗಳು ಶುರುವಾದವು. ಕಾಯೆತಾನ್ ಅತ್ತೆಯ ಮನೆಗೆ ಊಟಕ್ಕೆ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮೈದಾನದಲ್ಲಿ ಕಂಡಿತು. ಮೊದಲ ತಿರುವಿಗೆ ಬರುತ್ತಲೇ ಹುಡುಗ ಆಕ್ಸಿಲರೇಟರಿನ ಮೇಲಿನ ಕೈ ಸಡಿಲಿಸುತ್ತಿದ್ದ. ಒಂದೇ ಒಂದು ಚೂರು, ಆದರೆ ಅಷ್ಟರಲ್ಲಿ ಉಳಿದವರು ಮುಂದೆ. ಕಳೆದ ವರ್ಷದ ಹುಲಿ ಈ ವರ್ಷ ಓಟದಿಂದ ಓಟಕ್ಕೆ ಕೊನೆಯಲ್ಲಿ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತ ಕ್ಲಬ್ಬಿನವರೊಬ್ಬರು, ಬೇಸಿಗೆ ಮುಗಿಯುವುದರೊಳಗೆ ಅವನ ಜಾಗಕ್ಕೆ ಬೇರೆಯವನನ್ನು ತರುತ್ತೇವೆ ಎಂದರು. ಅವರ ಮೀಸೆಯನ್ನು ಸ್ವಲ್ಪ ಸೊಟ್ಟಗೆ ಕತ್ತರಿಸಿ ಕಳಿಸಿದೆ.

"ಹುಡುಗನಿಗೆ ಏನಾಗಿದೆ ಅಂತ ನಿಮಗೆ ಗೊತ್ತಾ?" ಎಂದು ಜೆನೋಬಿಯಾಳನ್ನು ಕೇಳಿದೆ.

"ಕೈ ಬಿಡ್ತಾನೆ. ಕಾಣ್ಸುತ್ತೆ. ಯಾಕೆ ಅಂತ ಕಾಣ್ಸಲ್ಲ." ಬೀಜದ ಪೊಟ್ಟಣ ಮಡಚಿಟ್ಟು, "ನನಗೆ ರಾತ್ರಿ ಹಗಲು ಅದೇ ಓಟ ತಲೇಲಿ ಸುತ್ತುತ್ತೆ ಪಾನ್ ಲುದ್ವಿಕ್. ಅವನು ನಮ್ಮ ಕಡೆ ಇದ್ದ, ಬಿಳಿಯವನು ಅವನ ಆಚೆ ಇದ್ದ. ಅವರಿಬ್ಬರ ನಡುವೆ ಏನಾಯ್ತು ಅಂತ ಇಲ್ಲಿಂದ ಹೇಗೆ ಕಂಡಿತು ನನಗೆ?" ಎಂದಳು.

ಈ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ನಿಜವಾಗಿಯೂ ನಡುವಿನ ಜಾಗ ಕಾಣುವುದು ಎಲ್ಲಿಂದ? ಮೊದಲ ತಿರುವಿನ ಹಿಂದಿನಿಂದ. ಅಲ್ಲಿ ಕೂರುವವರು ಯಾರು? ಕಬ್ಬಿಣದ ಬೇಲಿಯೊಳಗೆ, ಪೊಲೀಸರ ಕಾವಲಿನಲ್ಲಿ, ಬೇರೆ ಊರಿನಿಂದ ಬಂದವರು.

ನದಿಯ ಕೆಳಗಿನ ಊರಿನವರು ಮತ್ತೆ ಆಡಲು ಬಂದ ಭಾನುವಾರ ಜೆನೋಬಿಯಾ ತನ್ನ ಕೆಂಪು ನೀಲಿ ಶಾಲನ್ನು ಮನೆಯಲ್ಲೇ ಬಿಟ್ಟು, ಬೂದು ಕೋಟು ತೊಟ್ಟು, ಅವರ ಗೇಟಿನ ಸಾಲಿನಲ್ಲಿ ನಿಂತಳು. ಕೈಯಲ್ಲಿ ಅದೇ ಎನಾಮೆಲ್ ಪಾತ್ರೆ, ಬಟ್ಟೆ ಸುತ್ತಿದ್ದು. ಅದು ಯಾಕೆ ಎಂದರೆ, "ಅಭ್ಯಾಸ" ಎಂದಳು. ನಾನೂ ಹಿಂದೆ ಹೋದೆ. ಜೀವನದಲ್ಲಿ ಮೊದಲ ಸಲ ನಮ್ಮದೇ ಮೈದಾನವನ್ನು ಆ ಕಡೆಯಿಂದ ನೋಡಿ, ಮನೆಯ ಹಿತ್ತಲಿನ ಬಾಗಿಲಿನಿಂದ ಕಳ್ಳನ ಹಾಗೆ ನುಗ್ಗಿದಂತಾಯಿತು.

ಎರಡನೇ ಓಟದಲ್ಲೇ ಒಬ್ಬ ಬಿದ್ದ. ಜೆನೋಬಿಯಾಳ ಬಾಯಿ ಸುಮ್ಮನಿರುತ್ತದೆಯೇ? "ಹಳದಿ," ಎಂದುಬಿಟ್ಟಳು. ಇಡೀ ಸಾಲು ನಮ್ಮ ಕಡೆ ತಿರುಗಿತು. ನಾನು ಮನಸ್ಸಿನಲ್ಲೇ ಮಾತೆ ಮರಿಯಳನ್ನು ನೆನೆದೆ. ಹಳದಿ ದೀಪ ಹತ್ತಿತು.

ಪಕ್ಕದಲ್ಲಿದ್ದ ದಪ್ಪ ಕನ್ನಡಕದ ಅಜ್ಜನೊಬ್ಬ ಬೀಜದ ಪೊಟ್ಟಣ ಚಾಚಿದ. "ತಗೊಳ್ಳಿ. ನಮ್ಮ ನಡುವೆ ಕೂತು ನಮ್ಮವನನ್ನೇ ಹಳದಿ ಅಂದ್ರಿ! ನೀವು ಈ ಊರಿನವರೇ ಇರ್ಬೇಕು. ಆದ್ರೂ ಸರಿಯಾಗೇ ಹೇಳಿದ್ರಿ, ಒಪ್ಪಿದೆ."

ಆತನ ಹೆಸರು ಗೆರ್ವಾಜಿ. ಕಳೆದ ವರ್ಷದ ಪಂದ್ಯಕ್ಕೂ ಬಂದಿದ್ದ, ಇದೇ ಜಾಗದಲ್ಲಿ. ಜೆನೋಬಿಯಾ ಬೀಜ ಮುಟ್ಟಲಿಲ್ಲ. ನೇರವಾಗಿ ಕೇಳಿದಳು: "ಆವತ್ತು ಕೊನೇ ಓಟದಲ್ಲಿ ನಮ್ಮ ನೀಲಿ ಹುಡುಗ ಬಿದ್ನಲ್ಲಾ. ಅವನು ತಾನಾಗೇ ಬಿದ್ನಾ?"

"ತಾನಾಗಿ ಎಲ್ಲಿ? ನಮ್ಮವನ ಮುಂದಿನ ಚಕ್ರ ಅವನ ಎಡಗಾಲಿಗೆ ಹೊಡೀತು. ಅಂಗೈ ಮೇಲಿಟ್ಟ ಹಾಗೆ ಕಾಣ್ತು ಇಲ್ಲಿಂದ."

"ಮತ್ತೆ ಬಿಳಿ ದೀಪ ಹತ್ತಿದಾಗ ಇಲ್ಲಿಂದ ಯಾಕೆ ಅಷ್ಟೊಂದು ವಿರೋಧದ ಸೀಟಿ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ನಾನೂ ಹೊಡೆದೆ. ನಮ್ಮವನಲ್ವಾ ಮಾರಾಯ್ರೇ!"

ನನಗೆ ಆ ಅಜ್ಜ ತುಂಬಾ ಹಿಡಿಸಿದ. ಜೆನೋಬಿಯಾ ನಗಲಿಲ್ಲ. ಮಡಿಲಲ್ಲಿದ್ದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದಳು. "ನಂಗೆ ಏನೂ ಕಂಡಿರ್ಲಿಲ್ಲ. ನಮ್ಮ ಹುಡುಗ, ಎಲ್ಲಿ ಅವನ ಪರ ಮಾತಾಡಿಬಿಡ್ತೀನೋ ಅಂತ ಹೆದರಿದ್ದೆ. ಹೆದರಿ ನೀಲಿ ಅಂದೆ. ಬೇರೆಯವರ ಮಗನಾಗಿದ್ರೆ ಅಷ್ಟು ಬೇಗ ಹೇಳ್ತಿರ್ಲಿಲ್ಲ."

ಪಂದ್ಯದ ನಡುವಿನ ಬಿಡುವಿನಲ್ಲಿ, ಟ್ರ್ಯಾಕಿಗೆ ನೀರು ಹಾಯಿಸುವ ಹೊತ್ತಿಗೆ, ಆಕೆ ಸವಾರರ ಗ್ಯಾರೇಜಿನ ಬೇಲಿಯ ಹತ್ತಿರ ಹೋಗಿ ನಿಂತಳು, ಹಿಂದೆ ನಾನು. ಕಾಯೆತಾನ್ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಂದ. ಮುಖ ಬಿಗಿಯಾಗಿತ್ತು.

"ಬಿಳಿ," ಎಂದಳು ಜೆನೋಬಿಯಾ. "ಹೋದ ವರ್ಷದ್ದು. ಅವನ ಚಕ್ರ ನಿನ್ನ ಕಾಲಿಗೆ ಹೊಡೆದಿತ್ತು. ಈಗ ಅವರ ಕಡೆ ಕೂತು ಕೇಳ್ಕೊಂಡು ಬಂದೆ. ನಾನು ಹೇಳಿದ್ದು ತಪ್ಪು."

ಹುಡುಗ ಬೇಲಿಯ ತಂತಿ ಹಿಡಿದುಕೊಂಡ. "ನಂಗೆ ಗೊತ್ತಾಗಿರ್ಲಿಲ್ಲ ಅತ್ತೆ. ಬೀಳೋನಿಗೆ ಏನು ಗೊತ್ತಾಗುತ್ತೆ? ಒಂದ್ಸಲ ಆಕಾಶ, ಒಂದ್ಸಲ ಮಣ್ಣು. ರೆಫರಿ ಬಿಳಿ ಅಂದ, ಊರೆಲ್ಲಾ ಬಿಳಿ ಅಂತು. ನೀವೊಬ್ರು ನೀಲಿ ಅಂದ್ರಿ. ನಾನು ನಿಮ್ಮನ್ನೇ ನಂಬಿದೆ."

ಜೆನೋಬಿಯಾಳ ಕಣ್ಣು ತುಂಬಿತು. ನನ್ನದೂ. ಇಡೀ ಊರಿನ ಮಾತನ್ನು ಬಿಟ್ಟು ಒಬ್ಬಳ ಮಾತನ್ನು ನಂಬಿ, ಪ್ರತಿ ತಿರುವಿನಲ್ಲೂ ತನ್ನ ಮೇಲೆ ತಾನೇ ಅನುಮಾನಪಟ್ಟು ಕೈ ಸಡಿಲಿಸುತ್ತಾ ಬಂದಿದ್ದ ಹುಡುಗ. ಆಕೆ ಪಾತ್ರೆಯನ್ನು ಬೇಲಿಯ ಮೇಲಿನಿಂದ ದಾಟಿಸಿದಳು. ಅವನು ಮುಚ್ಚಳ ತೆಗೆದು ನಿಂತಲ್ಲೇ ಒಂದು ಉಂಡೆ ಬಾಯಿಗಿಟ್ಟುಕೊಂಡ.

ಕೊನೆಯ ಓಟಕ್ಕೆ ನಾವು ಎರಡನೇ ತಿರುವಿನ ನಮ್ಮ ಜಾಗಕ್ಕೆ ಮರಳಿದ್ದೆವು. ಕಾಯೆತಾನ್‌ಗೆ ಮತ್ತೆ ನೀಲಿ. ಪಂದ್ಯ ಸಮಸಮ. ಓಟ ಶುರು ಮಾಡುವ ಅಡ್ಡಪಟ್ಟಿ ಮೇಲೆದ್ದದ್ದೇ ತಡ ಹುಡುಗ ಬಿಟ್ಟ ಬಾಣದಂತೆ ತಿರುವಿಗೆ ನುಗ್ಗಿದ. ಕೈ ಸಡಿಲಿಸಲಿಲ್ಲ. ಎಷ್ಟು ಸಡಿಲಿಸಲಿಲ್ಲ ಎಂದರೆ ಸುತ್ತ ಯಾರೂ ಇಲ್ಲದ ಕಡೆ ಹಿಂದಿನ ಚಕ್ರ ಜಾರಿ, ಒಬ್ಬನೇ ದೊಪ್ಪೆಂದು ಬಿದ್ದ. ಹಿಂದಿನವರು ತಪ್ಪಿಸಿಕೊಳ್ಳಲು ಚೆಲ್ಲಾಪಿಲ್ಲಿಯಾದರು. ಓಟ ನಿಂತಿತು.

ಅವನು ಎದ್ದು ನಿಂತದ್ದೇ ಜೆನೋಬಿಯಾ ಕುರ್ಚಿಯ ಮೇಲೆ ಹತ್ತಿ ಕೂಗಿದಳು. "ನೀಲಿ! ನೀಲಿ!" ಕಣ್ಣಲ್ಲಿ ನೀರು, ಮುಖದ ತುಂಬಾ ನಗು, ಕೈಯಲ್ಲಿ ಚಪ್ಪಾಳೆ. ಪಾದ್ರಿಗಳು ಹಿಂದೆ ತಿರುಗಿ, "ಇವಳಿಗೆ ತಲೆ ಕೆಟ್ಟಿದೆಯಾ?" ಎಂದು ನನ್ನನ್ನು ಕೇಳಿದರು.

ಮಣ್ಣು ಮೆತ್ತಿಕೊಂಡ ಹುಡುಗ ದೀಪದ ಕಡೆ ನೋಡಲೇ ಇಲ್ಲ. ನಮ್ಮ ಸಾಲಿನ ಕಡೆ ತಿರುಗಿ, ತನ್ನ ಹೆಲ್ಮೆಟ್ಟನ್ನು ತಾನೇ ಬೆರಳಿನಿಂದ ತಟ್ಟಿ ತೋರಿಸಿ, ತಲೆ ಬಾಗಿಸಿದ. ಆಮೇಲೆ ನೀಲಿ ದೀಪ ಹತ್ತಿತು.

ಪಂದ್ಯ ಸೋತೆವು. ನನಗೆ ಒಂದು ವಾರ ಊಟ ಸೇರಲಿಲ್ಲ. ಕಾಯೆತಾನ್‌ಗೆ ಸೇರಿತು, ಮುಂದಿನ ಭಾನುವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಕೂತು ಪಾತ್ರೆಯ ತಳ ಕಾಣುವ ತನಕ ತಿಂದನಂತೆ, ಮೆಕ್ಯಾನಿಕ್ಕುಗಳಿಗೆ ಏನೂ ಉಳಿಸಲಿಲ್ಲ.