ವಿದ್ಯಾಪೀಠದ ದಾರಿಯಲ್ಲಿ ಕಾಕಾ

ಎಮ್ಮೆಸ್ಸಿಗೆ ಸೀಟು ಸಿಕ್ಕಾಗ ನಾನು ಅಕ್ಕಲಕೋಟ ತಾಲ್ಲೂಕಿನ ನಮ್ಮೂರು ಬಿಟ್ಟು ಸೊಲ್ಲಾಪುರಕ್ಕೆ, ಕಾಕಾನ ಮನೆಗೆ ಬಂದೆ. ಕಾಕಾ ಅಪ್ಪನ ತಮ್ಮ. ಅಪ್ಪ ಊರಲ್ಲೇ ಕುರಿ ಸಾಕಿಕೊಂಡು ಉಳಿದ. ಕಾಕಾ ಮದುವೆಯಾದ ಮೇಲೆ ಕುರಿ ಬಿಟ್ಟು ಪಟ್ಟಣ ಸೇರಿ, ಟವೆಲ್ ನೇಯುವ ಪವರ್‌ಲೂಮಿನಲ್ಲಿ ರಾತ್ರಿ ಪಾಳಿ ಹಿಡಿದ. ಅವನ ಹೆಂಡತಿ, ನಮ್ಮ ಕಾಕು, ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಮನೆ ಇದ್ದದ್ದು ಅಕ್ಕಲಕೋಟ ರಸ್ತೆಯ ಕಡೆ. ವಿದ್ಯಾಪೀಠ ಊರಿನ ಇನ್ನೊಂದು ತುದಿ ದಾಟಿ, ಪುಣೆ ರಸ್ತೆಯಲ್ಲಿ. ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮೊದಲ ತಾಸು ಮುಗಿದುಹೋಗುತ್ತಿತ್ತು. ಪಕ್ಕದ ಮನೆಯ ಹುಡುಗಿ ಗಂಡನ ಮನೆಗೆ ಹೋಗುವಾಗ ಬಿಟ್ಟುಹೋಗಿದ್ದ ಸೈಕಲ್ಲೊಂದು ಅವರ ಗೋಡೆಗೆ ಒರಗಿಕೊಂಡಿತ್ತು. ಕಾಕಾ ಅದನ್ನು ಕೇಳಿ ತಂದು, ಟಯರು, ಚೈನು, ಬ್ರೇಕು ಎಲ್ಲ ಹೊಸದು ಹಾಕಿಸಿದ.

ಮೊದಲ ದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಸರಿಯಾಗಿ ಕಾಕಾ ಪಾಳಿ ಮುಗಿಸಿ ಬಂದ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹತ್ತಿಯ ಧೂಳು ಬೆಳ್ಳಗೆ ಕೂತಿತ್ತು. ಸೈಕಲ್ಲಿನಿಂದ ಇಳಿಯದೆ, ನಡಿ, ನಾನೂ ಬರ್ತೀನಿ ಅಂದ. ರಾತ್ರಿಯೆಲ್ಲ ನಿಂತು ಬಂದೀ, ಮಲಗು ಅಂದರೆ ಕೇಳಲಿಲ್ಲ.

“ಆ ಹೈವೇ ನೀ ನೋಡಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರಾಲಿ ಕಟ್ಕೊಂಡು ಬರ್ತಾವು. ಒಂದು ದಾಟಿತು ಅಂತ ನೀ ಒಳಗ ಸರಿದ್ರ ಎರಡನೇದು ಹೊಡೀತೈತಿ.”

ಅವತ್ತಿನಿಂದ ಅದೇ ರೂಢಿಯಾಯಿತು. ಕಾಕಾ ಯಾವಾಗಲೂ ನನ್ನ ಬಲಕ್ಕೆ, ಲಾರಿಗಳ ಕಡೆ ಇರುತ್ತಿದ್ದ. ಎದುರುಗಾಳಿ ಜೋರಾದರೆ ಮುಂದೆ ಹೋಗಿ, ನನ್ನನ್ನು ಬೆನ್ನ ಹಿಂದೆ ಬರಲು ಹೇಳುತ್ತಿದ್ದ. ಊರೊಳಗೆ ಮಾತಿಗೆ ಜಾಗವಿರಲಿಲ್ಲ. ಬಾಳೆ ಎಂಬ ಬಡಾವಣೆ ದಾಟಿ ಸರ್ವಿಸ್ ರಸ್ತೆಗೆ ಬಿದ್ದ ಮೇಲೆ ಮಾತು ಶುರು. ವಿದ್ಯಾಪೀಠದ ಗೇಟಿನ ಹತ್ತಿರದ ನಳದಲ್ಲಿ ಮುಖ ತೊಳೆದು, ನೀರು ಕುಡಿದು, ತಿರುಗಿ ಮನೆಗೆ ಹೋಗಿ ಮಲಗುತ್ತಿದ್ದ.

ಒಂದು ದಿನ ಮಳೆ ಹಿಡಿದು, ನಮ್ಮ ವಿಭಾಗದ ಮುಂದಿನ ಸೈಕಲ್ ಶೆಡ್ಡಿನಲ್ಲಿ ನನ್ನ ಜೊತೆ ನಿಂತುಕೊಂಡ. ಗೆಳತಿಯೊಬ್ಬಳು ಮರಾಠಿಯಲ್ಲಿ ಇವಳಿಗೆ ನೀವು ಏನಾಗಬೇಕು ಎಂದು ಕೇಳಿದಳು. ಅಪ್ಪ ಅಂದುಬಿಟ್ಟ. ನನಗೆ ನಗು ಬಂತು. ಆಮೇಲೆ ಕೇಳಿದರೆ, “ಕಾಕಾ ಅಂದ್ರ ಮತ್ತ ಹತ್ತು ಪ್ರಶ್ನಿ ಕೇಳ್ತಾರ ಬಿಡು” ಅಂದ. ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದ.

ಕೆಮ್ಮು ಅವನಿಗೆ ಮೊದಲಿನಿಂದಲೂ ಇತ್ತು. ಆ ಓಣಿಯಲ್ಲಿ ಮಗ್ಗಕ್ಕೆ ಹೋಗುವ ಗಂಡಸರೆಲ್ಲ ಕೆಮ್ಮುವವರೇ ಆದ್ದರಿಂದ ಯಾರೂ ಅದನ್ನು ಬೇನೆ ಎಂದು ಎಣಿಸುತ್ತಿರಲಿಲ್ಲ. ದೀಪಾವಳಿ ಆದ ಮೇಲೆ ಕಾಕಾ ಬಾಳೆಯಲ್ಲೇ ನಿಲ್ಲತೊಡಗಿದ. ಅಲ್ಲಿ ಖಂಡೋಬನ ಗುಡಿ ಇದೆ. ನಮ್ಮ ಮನೆಯಲ್ಲಿ ಅವನನ್ನು ಮೈಲಾರ ಎನ್ನುತ್ತೇವೆ. ಗುಡಿಯ ಅರಿಶಿನದ ಭಂಡಾರವನ್ನು ನನ್ನ ಹಣೆಗೆ ಹಚ್ಚಿ, ನಿನಗ ರಸ್ತಾ ಗೊತ್ತಾಗೇತಿ, ಹೋಗು ಎನ್ನುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಬಾಳೆಯೂ ದೂರವಾಯಿತು. ರೈಲ್ವೆ ಸೇತುವೆಯ ಏರು ಬಂದರೆ ಇಳಿದು ಸೈಕಲ್ ದಬ್ಬಿಕೊಂಡು ಹತ್ತುತ್ತಿದ್ದ, ಮೇಲೆ ನಿಂತು ನಾನು ಇಳಿದುಹೋಗುವುದನ್ನು ನೋಡುತ್ತಿದ್ದ. ಬರಬೇಡ ಎಂದು ನಾನೂ ಕಾಕುವೂ ಎಷ್ಟೋ ಸಲ ಹೇಳಿದೆವು. ರಾತ್ರಿಯೆಲ್ಲ ಮಗ್ಗದ ಸದ್ದು ಕೇಳಿದ ಕಿವಿಗೆ ಒಮ್ಮೆಲೆ ನಿದ್ದೆ ಹತ್ತುವುದಿಲ್ಲ, ಗಾಳಿ ತಗೊಂಡು ಹೋಗುತ್ತೇನೆ ಎಂಬುದೇ ಅವನ ಉತ್ತರ.

ಒಂದು ಬೆಳಿಗ್ಗೆ ಅದೇ ಏರಿನ ಅರ್ಧಕ್ಕೆ ಸೈಕಲ್ ಕೈಬಿಟ್ಟು ಕಟ್ಟೆಗೆ ಕುಸಿದ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ನನ್ನ ಪರೀಕ್ಷೆ ಇದ್ದದ್ದು ನೆನಪಾಗಿ ಹೋಗು ಎಂದು ಕೈಸನ್ನೆ ಮಾಡಿದ. ನಾನು ಆಟೋ ನಿಲ್ಲಿಸಿದೆ. ಚಹಾದ ಗಾಡಿಯವನು ಎರಡೂ ಸೈಕಲ್ಲು ನೋಡಿಕೊಳ್ಳುತ್ತೇನೆ ಅಂದ.

ಆಸ್ಪತ್ರೆಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಹತ್ತಿಯ ಧೂಳು ವರ್ಷಗಟ್ಟಲೆ ಪುಪ್ಪುಸದೊಳಗೆ ಇಳಿದಿದೆ, ಔಷಧದಿಂದ ಆರಾಮ ಸಿಗಬಹುದು, ಹೋದದ್ದು ತಿರುಗಿ ಬರುವುದಿಲ್ಲ, ಇನ್ನು ಮಗ್ಗದ ಹತ್ತಿರ ಹೋಗಬೇಡಿ ಅಂದರು. ಕಾಕಾ ಎಲ್ಲ ಕೇಳಿ ಒಂದೇ ಮಾತು ಕೇಳಿದ, ಸೈಕಲ್ ಹೊಡೆಯಬಹುದೇ ಎಂದು. ಡಾಕ್ಟರು ಅವನನ್ನು ಬಿಟ್ಟು ನನ್ನ ಮುಖ ನೋಡಿದರು.

ಮಗ್ಗ ನಿಂತಿತು. ತಂಬಾಕಿನ ಘಾಟು ತಾಗಬಾರದೆಂದು ಕಾಕು ಬೀಡಿಯ ಮೊರವನ್ನು ಪಕ್ಕದ ಮನೆಯ ಕಟ್ಟೆಗೆ ಒಯ್ದಳು. ಕಾಕಾ ಹಗಲೆಲ್ಲ ಬಾಗಿಲಲ್ಲಿ ಕೂತಿರುತ್ತಿದ್ದ. ಬೆಳಿಗ್ಗೆ ಮಾತ್ರ ನನ್ನ ಸೈಕಲ್ಲಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಓಣಿಯ ತಿರುವಿನ ತನಕ ತಾನೇ ದಬ್ಬಿಕೊಂಡು ಬಂದು ಕೊಡುತ್ತಿದ್ದ. ಅಷ್ಟು ದೂರಕ್ಕೇ ಎರಡು ಕಡೆ ನಿಲ್ಲುತ್ತಿದ್ದ.

ಬೇಸಿಗೆಯಲ್ಲಿ ಅಪ್ಪ ಬಂದು, ಬಯಲಿನ ಗಾಳಿಗೆ ಸುಧಾರಿಸಬಹುದೆಂದು ಅವನನ್ನು ಊರಿಗೆ ಕರೆದೊಯ್ದ. ಮನೆ ನಡೆಯಲು ಬೀಡಿಯೊಂದೇ ಉಳಿದಿತ್ತು, ಹಾಗಾಗಿ ಕಾಕು ಸೊಲ್ಲಾಪುರ ಬಿಡುವಂತಿರಲಿಲ್ಲ. ರವಿವಾರ ಅಕ್ಕಲಕೋಟದ ಬಸ್ಸು ಹಿಡಿದು ಹೋಗಿ, ಸೋಮವಾರ ಬರುತ್ತಿದ್ದಳು. ಕುರಿ ಹಿಂಡಿನ ಹಿಂದೆ ನಾಲ್ಕು ಹೆಜ್ಜೆ ನಡೆದನಂತೆ ಎಂದು ಹಿಗ್ಗಿ ಹೇಳುತ್ತಿದ್ದಳು. ಚಳಿಗಾಲ ಬಂದ ಮೇಲೆ, ಊರಿಂದ ಬಂದವಳೇ ಮೊರ ಎಳೆದುಕೊಂಡು ಕೂತುಬಿಡುತ್ತಿದ್ದಳು.

ಎರಡನೇ ವರ್ಷದ ಕೊನೆಗೆ, ಒಂದು ಮಧ್ಯಾಹ್ನ, ವಿಭಾಗದಲ್ಲಿದ್ದಾಗ ಅಪ್ಪನ ಫೋನು ಬಂತು.

“ತಮ್ಮ ಹೋದ ಯವ್ವಾ. ಕಾಕೂಗ ಫೋನಿನ್ಯಾಗ ಹೇಳಬ್ಯಾಡ. ನೀನ ಹೋಗಿ ಕರಕೊಂಡು ಬಾ.”

ಗೆಳತಿ ಸ್ಕೂಟಿಯಲ್ಲಿ ಬಿಡುತ್ತೇನೆ ಅಂದಳು. ನಾನು ಬೇಡ ಅಂದೆ. ಬೇಗ ಮುಟ್ಟುವುದು ನನಗೆ ಬೇಕಿರಲಿಲ್ಲ. ಆ ದಾರಿಯಲ್ಲಿ ಏನು ದಾಟಿತು, ಯಾರು ಹಾರ್ನ್ ಹೊಡೆದರು, ನೆನಪಿಲ್ಲ. ಸೇತುವೆಯ ಏರಿನಲ್ಲಿ ಮಾತ್ರ ಕಾಲು ತಾನಾಗಿ ಇಳಿಯಿತು. ಸೈಕಲ್ ದಬ್ಬಿಕೊಂಡು ಹತ್ತಿದೆ, ಅಳುತ್ತ ಹತ್ತಿದೆ. ಇಳಿಜಾರಿನಲ್ಲಿ ಕಣ್ಣೊರೆಸಿಕೊಂಡೆ.

ಕಾಕು ಪಕ್ಕದ ಕಟ್ಟೆಯ ಮೇಲೆ ಮೊರ ತೊಡೆಗಿಟ್ಟುಕೊಂಡು ಕೂತಿದ್ದಳು. ಇಷ್ಟು ಲಗು ಯಾಕೆ ಬಂದಿ ಅಂದಳು.

“ಕಾಕು, ಊರಿಗಿ ಹೋಗೂಣು” ಅಂದೆ.

ಕೈಯಲ್ಲಿದ್ದ ಬೀಡಿಗೆ ದಾರ ಸುತ್ತಿ ಮುಗಿಸಿದಳು. ಅದನ್ನು ಉಳಿದವುಗಳ ಜೊತೆ ಇಟ್ಟಳು. ಸೀರೆಗೆ ಉದುರಿದ್ದ ತಂಬಾಕನ್ನು ಮೊರಕ್ಕೆ ಝಾಡಿಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

“ಜೀವ ಐತೋ ಇಲ್ಲೋ?”

“ಇಲ್ಲ ಕಾಕು.”

ಬಸ್ಸಿನಲ್ಲಿ ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರಲ್ಲಿ ಹೊಲದ ಬದುವಿನ ಹತ್ತಿರ ಕುಣಿ ತೋಡಿದ್ದರು. ಭಂಡಾರ ಚೆಲ್ಲಿ ಮಣ್ಣು ಕೊಟ್ಟರು. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿದಿತ್ತು.

ಸೂತಕದ ದಿನಗಳು ಮುಗಿದ ಮೇಲೆ ಊರವರು ಇಲ್ಲೇ ಇರು ಅಂದರೂ ಕಾಕು ನನ್ನ ಪರೀಕ್ಷೆಯ ಸಲುವಾಗಿ ಸೊಲ್ಲಾಪುರಕ್ಕೆ ಬಂದಳು. ಒಂದು ಸಂಜೆ ನಾನು ಊಟಕ್ಕೆ ಕೂತಾಗ ರೊಟ್ಟಿ ಬಡಿಯುತ್ತ ಮೆಲ್ಲಗೆ ಅಂದಳು:

“ರಾತ್ರಿ ಅವ ಮಗ್ಗಕ್ಕ ಹೋಗ್ತಿದ್ದ, ಹಗಲಿ ಮಲಗ್ತಿದ್ದ. ಇಷ್ಟು ವರ್ಷ ಸಂಸಾರ ಮಾಡಿದ್ರೂ ನಾವು ಕೂತು ಮಾತಾಡಿದ್ದು ಕಡಿಮಿ. ನಿನ್ನ ಕೂಡ ಅಷ್ಟು ದೂರ ಬರ್ತಿದ್ನಲ್ಲ, ಏನು ಹೇಳ್ತಿದ್ದ?”

ನಾನು ಹೇಳಿದೆ. ಸಣ್ಣವನಿದ್ದಾಗ ನಂದೇಶ್ವರದ ಕಡೆ ಕುರಿ ಮೇಯಿಸಲು ಹೋಗಿ ಮಂಜಿನಲ್ಲಿ ಹಿಂಡು ತಪ್ಪಿಸಿಕೊಂಡದ್ದು. ಸೊಲ್ಲಾಪುರಕ್ಕೆ ಬಂದ ಹೊಸತರಲ್ಲಿ ಮರಾಠಿ ಬಾರದೆ ಹೋಟೆಲಿನಲ್ಲಿ ಬೆರಳು ತೋರಿಸಿ ಊಟ ಕೇಳಿದ್ದು. ಮದುವೆಯ ದಿನ ಅವಳು ಸಿಟ್ಟಿನಿಂದ ಅವನ ಕಡೆ ನೋಡದೇ ಇದ್ದದ್ದು. ಅದನ್ನು ಕೇಳಿ ಕಾಕು ಸಿಟ್ಟಲ್ಲ, ಹೆದರಿಕಿ ಆಗಿತ್ತು ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನನಗೆ ಈಗ ದುಧನಿಯ ಕಾಲೇಜಿನಲ್ಲಿ ಕೆಲಸ, ಕಾಕು ನನ್ನ ಜೊತೆಗಿದ್ದಾಳೆ. ನನ್ನ ಹತ್ತಿರ ಇದ್ದ ಮಾತೆಲ್ಲ ಯಾವಾಗಲೋ ಮುಗಿದುಹೋಗಿದೆ. ಆದರೂ ಕೆಲವು ಸಂಜೆ ಅವಳು ಮತ್ತ ಏನಂದಿದ್ದ ಎನ್ನುತ್ತಾಳೆ. ಹೇಳಿದ್ದನ್ನೇ ನಾನು ಮತ್ತೆ ಹೇಳುತ್ತೇನೆ. ಇದು ಮೊದಲೇ ಕೇಳಿದ್ದು ಎಂದು ಅವಳು ಒಮ್ಮೆಯೂ ಅಂದಿಲ್ಲ.