ಹಂಚಲಿಕ್ಕೆ ತಂದ ಪೆನ್ಸಿಲ್

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದ್ದು, ಮುಂಬಯಿ ಹೊರಗಿನ ಡೊಂಬಿವಲಿಯಲ್ಲಿ ಸ್ವಂತ ಮನೆ ಮಾಡಿದ್ದು, ಹೀಗೆ ಕೇಳುವವರಿಗೆ ಹಿತವಾದ ಕಥೆಗಳನ್ನೆಲ್ಲ ನಮ್ಮ ಕನ್ನಡ ಸಂಘದ ಸಂಚಿಕೆಗೆ ಕೊಟ್ಟಾಯಿತು. ಪೆನ್ಸಿಲಿನದ್ದನ್ನು ಮಾತ್ರ ಮುಂದೂಡುತ್ತ ಬಂದೆ. ಇನ್ನೂ ಮುಂದೂಡಿದರೆ, ನಾನು ಸತ್ತ ಮೇಲೆ ಸಭೆ ಕರೆದು ನನ್ನನ್ನು ಸಜ್ಜನ ಎನ್ನುತ್ತಾರೆ. ಅದಾಗಬಾರದು.

ಜೂನ್ ಬಂತೆಂದರೆ ಇಲ್ಲಿಯ ನಮ್ಮವರ ಸಂಘಗಳೆಲ್ಲ ಪುಸ್ತಕ ವಿತರಣೆ ಮಾಡುತ್ತವೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮಕ್ಕಳಿಗೆ ಶಾಲೆಯ ಪಟ್ಟಿಯಂತೆ ನೋಟ್ ಪುಸ್ತಕ, ಪೆನ್ಸಿಲ್, ಕಂಪಾಸ್ ಪೆಟ್ಟಿಗೆ. ಕೆಲಸ ಒಳ್ಳೆಯದೇ. ನಾವು ಅದನ್ನು ಮಾಡುತ್ತಿದ್ದ ಬಗೆ ಹೇಸಿಗೆಯದು. ಮಗುವಿನ ಕೈಗೆ ಪುಸ್ತಕದ ಕಟ್ಟು ಕೊಟ್ಟರೂ ಬಿಡುತ್ತಿರಲಿಲ್ಲ. ಫೋಟೋದವನು ತಲೆಯಾಡಿಸುವ ತನಕ ಅತಿಥಿಯ ಕೈಯೂ ಮಗುವಿನ ಕೈಯೂ ಅದರ ಮೇಲೆಯೇ. ಆಮೇಲೆ ಅತಿಥಿಗೆ ಜರಿಯಂಚಿನ ಶಾಲು. ಅದನ್ನು ಹೊದ್ದವರು ಇನ್ನೊಂದು ಸಭೆಯಲ್ಲಿ ಇನ್ನೊಬ್ಬರಿಗೆ ಹೊದಿಸುತ್ತಿದ್ದರು. ಬೆವರಿನ ವಾಸನೆಯೂ ಜತೆಗೇ ದಾಟುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಸಂಘದ ಖಜಾಂಚಿ, ಖರೀದಿಯೂ ನನ್ನದೇ. ಸಮಿತಿಯಲ್ಲಿ ಧಾರವಾಡದ ಕಡೆಯ ಟೀಚರೊಬ್ಬರಿದ್ದರು. ನಮ್ಮ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತಿದ್ದರು. ಅನುಕೂಲವಿದ್ದವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆ ಸೇರಿಯಾಗಿತ್ತು. ಉಳಿದವರಲ್ಲಿ ಇನ್ನು ಕೆಲವರು ಹೋದರೂ ತರಗತಿ ಮುಚ್ಚುತ್ತದೆ, ತಮ್ಮ ಕೆಲಸವೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಸಮಿತಿಯ ಸಭೆಯಲ್ಲಿ ಅವರು ನಾವು ಹಿಂದಿನ ವರ್ಷ ಹಂಚಿದ ಪೆನ್ಸಿಲೊಂದನ್ನು ತೆಗೆದು ಬ್ಲೇಡಿನಿಂದ ಕೆತ್ತಿದರು. ಕಡ್ಡಿ ಮುರಿದು ಮೇಜಿನ ಮೇಲೆ ಬಿತ್ತು. ಮತ್ತೆ ಕೆತ್ತಿದರು, ಮತ್ತೆ ಬಿತ್ತು.

"ನೋಡ್ರಿ ಅಣ್ಣಾರ, ಹುಡುಗ್ರು ಬರಿಯೂದು ಬಿಟ್ಟು ಕೆತ್ತಕೋತ ಕುಂದರ್ತಾರ. ಪೆನ್ಸಿಲ್ ಮುಗದ್ರ ಇನ್ನೊಂದು ಕೇಳಾಕ ಮನ್ಯಾಗ ಅಂಜಿಕಿ. ಹಂಗಽ ಸಾಲಿ ತಪ್ಪಸ್ತಾರ."

"ಹಾಗಾದ್ರೆ ಜರ್ಮನಿಯಿಂದ ತರಿಸುವನಾ ಟೀಚರ್?" ಎಂದೆ. ಎಲ್ಲರೂ ನಕ್ಕರು.

"ಜರ್ಮನಿ ಬ್ಯಾಡ್ರಿ. ಮ್ಯಾಲೆ ಚಿತ್ರ, ತುದಿಗೆ ರಬ್ಬರ್, ಅದೂ ಬ್ಯಾಡ. ಅದಕ್ಕ ರೊಕ್ಕ ಸುರಿಯೂದು ದಂಡ. ನಡುವಿನ ದರದ್ದು ತರ್ರಿ, ಸಾಕು."

ಅಧ್ಯಕ್ಷರು ನನ್ನತ್ತ ತಿರುಗಿದರು. "ಎಂತದ್ದಾದ್ರೂ ತನ್ನಿ ಮಾರಾಯ್ರೆ. ಅತಿಥಿಗಳ ಶಾಲಿಗೆ ಮಾತ್ರ ಕಡಿಮೆ ಬೀಳ್ಬಾರ್ದು."

ರಾತ್ರಿಶಾಲೆಯಲ್ಲಿ ಕಲಿತ ನನಗೆ ಹಗಲು ಶಾಲೆಯ ಟೀಚರೆಂದರೆ ಒಳಗೊಳಗೇ ಉರಿ. ವ್ಯಾಪಾರ ಇವರಿಗೇನು ಗೊತ್ತು ಎಂದುಕೊಂಡು ಹತ್ತಿರದ ಕಲ್ಯಾಣದಲ್ಲಿದ್ದ ಮಾಮೂಲಿ ಸಗಟು ಅಂಗಡಿಗೆ ಹೋದೆ. ಅಂಗಡಿಯವನು ಕೇಳಿದ: "ಶೇಠ್, ಬಾಂಟ್ನೇ ಕಾ ಮಾಲ್ ದೂಂ, ಯಾ ಲಿಖ್ನೇ ಕಾ?" ಹಂಚುವ ಮಾಲು ಬೇಕೋ, ಬರೆಯುವ ಮಾಲು ಬೇಕೋ. ಅಂಥ ಎರಡು ಜಾತಿಗಳಿವೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದ. ನಾನು ನಕ್ಕೆ. ಅವನೂ ನಕ್ಕ. "ಬಾಂಟ್ನೇ ಕಾ," ಎಂದೆ.

ಗಂಟು ಕಟ್ಟಿಸುವ ಮೊದಲು ಒಂದನ್ನು ಕೈಗೆತ್ತಿಕೊಂಡು ನೋಡಿದ್ದೆ. ಕಡ್ಡಿ ನಡುವಿನಲ್ಲಿರದೆ ಒಂದು ಬದಿಗೆ ಸರಿದಿತ್ತು. ಹಳದಿ ಬಣ್ಣ ಬೆರಳಿಗೆ ಅಂಟಿತು, ಸೀಮೆಎಣ್ಣೆಯಂಥ ವಾಸನೆ. ಮಕ್ಕಳು ಪೆನ್ಸಿಲನ್ನು ಬಾಯಲ್ಲಿ ಕಚ್ಚುತ್ತಾರೆಂದು ನನಗೆ ತಿಳಿಯದ್ದೇನಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಕಟ್ಟು ಎಂದೆ. ಅದೇ ಕೌಂಟರಿನ ಮುಂದೆ, ಅದೇ ಉಸಿರಿನಲ್ಲಿ, ಅಂಗಡಿಯಲ್ಲೇ ದುಬಾರಿಯಾದ ಪೆನ್ಸಿಲ್ ಡಬ್ಬಿಯೊಂದನ್ನು ಕೇಳಿದೆ. ಚಿತ್ರವಿದ್ದದ್ದು, ತುದಿಗೆ ರಬ್ಬರ್ ಇದ್ದದ್ದು. ನನ್ನ ಮಗಳ ಮನೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ಉಳ್ಳವರಿರುವ ಕಡೆ. ಮೊಮ್ಮಗಳ ಇಂಗ್ಲಿಷ್ ಶಾಲೆಯ ಪಟ್ಟಿಯಲ್ಲಿ ಅಂಥದ್ದೇ ಬೇಕೆಂದಿತ್ತು. ನನ್ನ ಸ್ವಂತ ಹಣವೇ, ಅದರಲ್ಲಿ ಕಳ್ಳತನವಿಲ್ಲ. ಆದರೆ ದರ ಕೇಳುವ ಮನಸ್ಸೂ ಆಗಲಿಲ್ಲ.

ತಿರುಗಿದರೆ ಟೀಚರು ನಿಂತಿದ್ದರು. ಆರಿಸಲು ನೆರವಾಗಲೆಂದು ಶಾಲೆ ಮುಗಿಸಿ ನೇರ ಕಲ್ಯಾಣಕ್ಕೇ ಬಂದಿದ್ದರು.

"ಇದು ಹಂಚಾಕೇನ್ರಿ?" ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಅವರ ಮುಖ ಅರಳಿತು.

"ಅಲ್ಲ, ಮೊಮ್ಮಗಳಿಗೆ. ಹಂಚುವುದು ಕಟ್ಟಿ ಆಯ್ತು."

ಅವರು ಗಂಟಿನ ಮೂಲೆಯಿಂದ ಒಂದನ್ನು ಎಳೆದು ನೋಡಿದರು. "ಬದಲಿ ಮಾಡ್ಸಾಕ ಆಗ್ತದೇನ್ರಿ ಅಣ್ಣಾರ?"

"ಇಲ್ಲ ಟೀಚರ್. ಬಿಲ್ ಆಗಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ಬಹುಶಃ ನಾನು ಮರೆತುಬಿಡುತ್ತಿದ್ದೆ.

ಪುಸ್ತಕ ವಿತರಣೆ ನಡೆಯಿತು, ಶಾಲುಗಳೂ ನಡೆದವು. ಶ್ರಾವಣದಲ್ಲಿ ಸಂಘದ ಸತ್ಯನಾರಾಯಣ ಪೂಜೆಯ ದಿನ, ಪ್ರಸಾದ ಕೊಡುವ ಹೊತ್ತಿಗೆ, ಒಬ್ಬ ತಾಯಿ ನೇರ ನನ್ನ ಬಳಿ ಬಂದಳು. ಗಂಡ ಹೋಟೆಲಿನಲ್ಲಿ ವೇಟರ್.

"ಎಂತ ಪೆನ್ಸಿಲ್ ಮಾರಾಯ್ರೆ ಇದು? ಪುಕ್ಕಟೆ ಅಂತ ಕಸ ಕೊಡುದಾ? ನನ್ನ ಮಗನ ನಾಲಿಗೆ ನೋಡಿ, ಅರಸಿನ ಬಳಿದ ಹಾಗೆ ಆಗಿದೆ!"

ಜನ ಸೇರಿತು. ಟೀಚರು ಪ್ರಸಾದದ ದೊನ್ನೆ ಹಿಡಿದು ಆಚೆ ನಿಂತಿದ್ದರು. ಈಗ ಇವರು ಬಾಯಿ ತೆರೆದರೆ ನನ್ನ ಮೊಮ್ಮಗಳ ಡಬ್ಬಿಯ ಕಥೆ ಹೊರಗೆ ಬೀಳುತ್ತದೆ ಎಂದು ಹೆದರಿದೆ. ಅವರಿಗಿಂತ ಮೊದಲು ನಾನೇ ಬಾಯಿ ತೆರೆದೆ.

"ಟೀಚರೇ ಅಂಗಡಿಗೆ ಬಂದು ನೋಡಿದ್ದಾರೆ. ಶಾಲೆಯವರು ಆರಿಸಿದ ಮೇಲೆ ನಾವು ಎಂತ ಹೇಳುದು?"

"ನಾ ಬಂದಾಗ ಗಂಟು ಕಟ್ಟಿ ಆಗಿತ್ತಲ್ರಿ ಅಣ್ಣಾರ," ಎಂದರು ಅವರು, ಮೆಲ್ಲಗೆ.

"ಬಂದದ್ದು ಹೌದಾ ಅಲ್ವಾ? ಅದನ್ನು ಹೇಳಿ."

"ಬಂದಿದ್ದೆ."

ಹಿಂದಿನ ಕುರ್ಚಿಯಿಂದ ಯಾರೋ, "ಕಮಿಷನ್ ಎಷ್ಟು ಸಿಕ್ಕಿತು ಟೀಚರ್?" ಎಂದರು. ನಗು ಎದ್ದಿತು. ಟೀಚರು ಇಂಥ ಮಾಲನ್ನು ಸಭೆಯಲ್ಲೇ ಬೇಡವೆಂದದ್ದು, ಖರೀದಿ ನನ್ನದೆಂಬುದು ಅಧ್ಯಕ್ಷರಿಗೆ ಗೊತ್ತಿತ್ತು. ವೀಳ್ಯ ಅಗಿಯುತ್ತ ದೇವರ ಮಂಟಪ ನೋಡುತ್ತಿದ್ದರು. ಟೀಚರು ಡಬ್ಬಿಯ ಮಾತು ಎತ್ತಲಿಲ್ಲ. ಒಂದು ಮಾತಿನಲ್ಲಿ ನನ್ನನ್ನು ಮುಗಿಸಬಹುದಿತ್ತು, ಮುಗಿಸಲಿಲ್ಲ. ಒಂದು ಮಗುವಿನ ವಸ್ತುವನ್ನು ಜಗಳಕ್ಕೆ ಎಳೆಯಬಾರದೆಂದೋ ಏನೋ. ದೊನ್ನೆಯನ್ನು ಹಾಗೆಯೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. ನಾನು ಪ್ರಸಾದದ ಸಪಾದ ಭಕ್ಷ್ಯ ಎರಡು ಸಲ ಹಾಕಿಸಿಕೊಂಡು ತಿಂದೆ. ತುಪ್ಪ ಬೆರಳಿನಿಂದ ಇಳಿಯುತ್ತಿತ್ತು. ಆ ಬೆರಳುಗಳನ್ನು ನೆಕ್ಕಿದ್ದೂ ನೆನಪಿದೆ.

ಕಮಿಷನ್ ಎಂಬ ಮಾತು ಗಣಪತಿ ಬರುವಷ್ಟರಲ್ಲಿ ಮನೆಮನೆ ಮುಟ್ಟಿತು. ಅದನ್ನು ಹುಟ್ಟಿಸಿದವನು ನಾನಲ್ಲ. ಯಾರಾದರೂ ಕೇಳಿದಾಗ, "ನಮಗ್ಯಾಕೆ ಬಿಡಿ," ಎನ್ನುತ್ತಿದ್ದೆ. ಇಲ್ಲ ಎನ್ನುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮರುವರ್ಷ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಆ ಶಾಲೆಯಿಂದ ಬಿಡಿಸಿಕೊಂಡರು. ನಾಲ್ಕನೇ ತರಗತಿ ತೆರೆಯಲಿಲ್ಲ. ಟೀಚರು ಮಗನ ಜೊತೆ ಇರಲು ನವಿ ಮುಂಬಯಿಯ ಬೇಲಾಪುರಕ್ಕೆ ಹೋದರೆಂದು ಕೇಳಿದೆ. ಸಂಘದವರು ನನಗೆ ಸಮಾಜ ಸೇವಕ ಎಂದು ಶಾಲು ಹೊದಿಸಿದರು. ಹೊದ್ದುಕೊಂಡೆ.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಮನೆಯ ಕಾಗದಪತ್ರದ ಕೆಲಸಕ್ಕೆಂದು ಬೇಲಾಪುರದ ಲೋಕಲ್ ರೈಲು ಹತ್ತಿದ್ದೆ. ಎದುರಿನ ಸೀಟಿನಲ್ಲಿ ಅವರೇ. ಕೂದಲು ಪೂರಾ ಬೆಳ್ಳಗಾಗಿತ್ತು. ಚೀಲ ಮಡಿಲಿಗೆ ಎಳೆದುಕೊಂಡು ಜಾಗ ಮಾಡಿದರು.

"ಕುಂದರ್ರಿ ಅಣ್ಣಾರ. ಮೊಮ್ಮಗಳು ಈಗ ಏನ್ ಓದ್ಲಿಕತ್ಯಾಳ?"

"ಕಾಲೇಜು," ಎಂದೆ. ಇನ್ನೊಂದು ಮಾತು ಹೇಳುವುದಿತ್ತು. ಆ ಬೋಗಿಯಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆ. ಒಬ್ಬರೂ ಇರಲಿಲ್ಲ. ಆದರೂ ನೆರೂಳಿನಲ್ಲಿ, ಇಳಿಯಬೇಕಾದ ನಿಲ್ದಾಣವಲ್ಲದಿದ್ದರೂ, ಇಳಿದುಬಿಟ್ಟೆ.

ಸಂಘದ ವಂದನಾರ್ಪಣೆ ಎಷ್ಟೋ ವರ್ಷ ನನ್ನದೇ ಆಗಿತ್ತು. ಏನಾದರೂ ಲೋಪವಾಗಿದ್ದರೆ ಕ್ಷಮಿಸಿ ಎಂದು ಮೈಕಿನಲ್ಲಿ ಊರಿಗೆಲ್ಲ ಹೇಳಿದ್ದೇನೆ. ಅಡುಗೆಯವರಲ್ಲಿ ಕೇಳಿದ್ದೇನೆ, ಪೆಂಡಾಲಿನವರಲ್ಲಿ ಕೇಳಿದ್ದೇನೆ, ತಡವಾಗಿ ಬಂದ ಅತಿಥಿಗಳಲ್ಲಿ ಅವರ ತಪ್ಪಿಗೆ ನಾನೇ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬರಲ್ಲಿ: ಡೊಂಬಿವಲಿಯ ಕನ್ನಡ ಶಾಲೆಯ ನಾಲ್ಕನೇ ತರಗತಿಯ ಟೀಚರಲ್ಲಿ.