ಕೊಸರು ಅಂಗಡಿಯವರ ಮಗಳು

ಅಪ್ಪನಿಗೆ ಪೇಟೆಯಲ್ಲಿ ಕೊಸರು ಅಂಗಡಿಯವರು ಎಂದೇ ಹೆಸರು. ಬೇಳೆ ತೂಗಿದ ಮೇಲೆ ಗಿರಾಕಿ ಒಂದು ಮಾತು ಕೇಳಿದರೆ ಸಾಕು, ಚೀಲಕ್ಕೆ ಇನ್ನೊಂದು ಹಿಡಿ ಬೀಳುತ್ತಿತ್ತು. ಅಂಥವರ ಮಗಳು ತೂಕ ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾದಾಗ, ಇನ್ನು ಮನೆಯೊಳಗೇ ಪೊಲೀಸ್ ಠಾಣೆ ಎಂದು ಪಕ್ಕದ ದರ್ಜಿ ಕಿಚಾಯಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ.

ಆದರೆ ಗ್ರಾಹಕರ ಹಿತ ಕಾಯುವ ಕಾನೂನು ಯಾರನ್ನೂ ಸುಮ್ಮಸುಮ್ಮನೆ ನಂಬುವುದಿಲ್ಲ. ಪರೀಕ್ಷೆ ಪಾಸಾಗಬೇಕು, ತರಬೇತಿ ಮುಗಿಸಬೇಕು, ಸರ್ಕಾರ ಹೆಸರು ಹಾಕಿ ಆದೇಶ ಹೊರಡಿಸಬೇಕು. ಇಷ್ಟಾದರೂ ಗುರುತಿನ ಚೀಟಿ ಕೈಗೆ ಬರುವ ತನಕ ಒಂದು ತೂಕದ ಬಟ್ಟನ್ನೂ ಮುಟ್ಟುವ ಹಕ್ಕಿಲ್ಲ. ಚೀಟಿ ಬೇಕೆಂದರೆ, ತಾನು ತಪಾಸಣೆ ಮಾಡುವ ಪೇಟೆಯಲ್ಲಿ ತನ್ನವರ ವ್ಯಾಪಾರ ಇಲ್ಲವೆಂದು ಸಹಿ ಮಾಡಬೇಕು. ಅವಳಿಗೆ ಗೊತ್ತುಮಾಡಿದ್ದು ಅಪ್ಪನ ಪೇಟೆಯನ್ನೇ.

ಅಂಗಡಿಯನ್ನು ಕಾಗದದಲ್ಲಿ ಮಾತ್ರ ದರ್ಜಿಯ ಹೆಸರಿಗೆ ಬರೆದರಾಯಿತು, ಮಗಳು ಮನೆಯಲ್ಲೇ ಇರಬಹುದು ಎಂದರು ಅಪ್ಪ. ಅವಳು ಒಪ್ಪಲಿಲ್ಲ. ಅಪ್ಪನ ಮುಖ ಸಣ್ಣದಾಯಿತು.

"ನನ್ನ ತಕ್ಕಡಿ ಮೇಲೆ ನಿಂಗೆ ನಂಬಿಕೆ ಇಲ್ವೇನಮ್ಮಾ?"

"ಇದೆ ಅಪ್ಪಾ. ಅದಕ್ಕೇ ನಾನು ನೋಡಬಾರದು."

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ದೂರದ ಊರು ಸಿಕ್ಕಿತು. ಅಪ್ಪ ಮಾತು ಬಿಟ್ಟರು, ಬಸ್ಸು ಹತ್ತಿಸಲೂ ಬರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಅಳು ತಡೆಯಲಾಗಲಿಲ್ಲ. ಸರಿಯಾದದ್ದನ್ನು ಮಾಡಿದವರಿಗೆ ಸಮಾಧಾನ ಸಿಗುತ್ತದೆ ಎಂದು ಹೇಳಿದವರು ಯಾರೋ, ಅವರು ಆ ಬಸ್ಸಿನಲ್ಲಿ ಕೂತಿರಲಿಲ್ಲ.

ಅಪ್ಪನ ಪೇಟೆಗೆ ಬಂದ ಬೇರೆ ಇನ್‌ಸ್ಪೆಕ್ಟರ್ ನೇರ ಕೊಸರು ಅಂಗಡಿಗೇ ಕಾಲಿಟ್ಟರು. ತಕ್ಕಡಿ ಸವೆದಿತ್ತು, ತೂಗಿದಾಗಲೆಲ್ಲ ಒಂದು ಹಿಡಿ ಕಡಿಮೆ. ಅಪ್ಪ ಬೇಕೆಂದು ಮಾಡಿದ್ದಲ್ಲ, ಅವರಿಗದು ಗೊತ್ತೂ ಇರಲಿಲ್ಲ. ಹೇಗೂ ಕೊಸರು ಹಾಕುತ್ತೇನಲ್ಲ ಎಂದು ವಾದಿಸಿದರು. ಕೇಳದವರಿಗೆ? ಎಂದರು ಇನ್‌ಸ್ಪೆಕ್ಟರ್. ಕೇಳುವವರು ಬಾಯಿದ್ದವರು. ನಾಚಿಕೊಂಡು ಕೊಟ್ಟಷ್ಟನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವವರ ಮುಖಗಳು ಅಪ್ಪನಿಗೆ ಒಂದೊಂದಾಗಿ ನೆನಪಾದವು. ದಂಡ ಕಟ್ಟಿದರು, ತಕ್ಕಡಿ ಬದಲಿಸಿದರು.

ಅಂದು ಸಂಜೆ ಮಗಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಆಮೇಲೆ ಕೇಳಿದರು, "ನೀನೇ ಬಂದಿದ್ರೆ ದಂಡ ಹಾಕ್ತಿದ್ಯಾ?"

ಹೂಂ ಎನ್ನಲು ಹೊರಟಳು. ಗಲ್ಲಾದ ಹಿಂದೆ ತಲೆ ತಗ್ಗಿಸಿ ನಿಂತ ಅಪ್ಪ ಕಣ್ಣಿಗೆ ಕಟ್ಟಿದರು.

"ಗೊತ್ತಿಲ್ಲ ಅಪ್ಪಾ."

"ಹಾಗಾದ್ರೆ ಅಲ್ಲೇ ಇರಮ್ಮಾ," ಎಂದರು ಅಪ್ಪ. "ಒಳ್ಳೇದೇ ಮಾಡಿದೆ."